ಜುರಾಲದ ಹೂಳು, ಹಳೆಯ ಪರದೆ, ಸೆಕೆಂಡಿಗೆ 480 ಅಕ್ಷರ

ಜುರಾಲ ಜಲಾಶಯ ಕಟ್ಟಿದಾಗ ಅದರಲ್ಲಿ ಹಿಡಿಯುತ್ತಿದ್ದ ನೀರು 11.94 ಟಿಎಂಸಿ. ಈಗ ಲೆಕ್ಕಕ್ಕೆ ಹಿಡಿಯುವುದು 9.657 ಟಿಎಂಸಿ. ಕಡಿಮೆಯಾದದ್ದು 2.283 ಟಿಎಂಸಿ, ಅಂದರೆ ಶೇ 19.1. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಘನ ಮೀಟರಿನಲ್ಲಿ ಸುಮಾರು 2.83 ಕೋಟಿ. ಹಾಗಾಗಿ ಮಕ್ತಲ್ ಮತ್ತು ಗದ್ವಾಲದ ನಡುವೆ ಕೃಷ್ಣೆಯ ತಳದಲ್ಲಿ ಕೂತ ಹೂಳು ಸುಮಾರು 6.46 ಕೋಟಿ ಘನ ಮೀಟರ್. ಟಿಪ್ಪರಿಗೆ 10 ಘನ ಮೀಟರಿನಂತೆ ತುಂಬಿದರೆ 64.6 ಲಕ್ಷ ಲೋಡು.

ಈ ಅಂಕಿಯನ್ನು ಎಷ್ಟು ನಂಬಬಹುದು ಎಂಬುದಕ್ಕೆ ನೆರೆಯ ತುಂಗಭದ್ರೆಯ ಲೆಕ್ಕ ನೋಡಬೇಕು. 1953ರಲ್ಲಿ ಆ ಜಲಾಶಯದ ಸಾಮರ್ಥ್ಯ 132.473 ಟಿಎಂಸಿ. 2008ರ ಸಮೀಕ್ಷೆ 100.855 ಎಂದಿತು, 2016ರ ಸಮೀಕ್ಷೆ 105.788 ಎಂದಿತು. ಮೊದಲನೆಯದನ್ನು ಒಪ್ಪಿದರೆ ವರ್ಷಕ್ಕೆ 0.575 ಟಿಎಂಸಿ ಹೂಳು, ಎರಡನೆಯದನ್ನು ಒಪ್ಪಿದರೆ 0.424. ಎಂಟು ವರ್ಷದಲ್ಲಿ 4.933 ಟಿಎಂಸಿ ಹೂಳು ತಾನಾಗಿ ಕರಗಿ ಹೋಗುವುದಿಲ್ಲ, ಬದಲಾದದ್ದು ಅಳತೆ. ಆ ವ್ಯತ್ಯಾಸ ಇಡೀ ಜುರಾಲದ ಇಂದಿನ ಸಾಮರ್ಥ್ಯದ ಶೇ 51. ತುಂಗಭದ್ರೆಯದೇ ನೀರು ಬಳಸುವ ರಾಜೋಳಿಬಂಡಾ ತಿರುವು ಯೋಜನೆಯಲ್ಲಿ ತೆಲಂಗಾಣದ 87,500 ಎಕರೆಗೆ ಹಂಚಿಕೆಯಾದ 15.9 ಟಿಎಂಸಿಯ ಶೇ 31. ಗದ್ವಾಲ ಜಿಲ್ಲೆಯ ರೈತನಿಗೆ ಇದು ದೂರದ ವಿಷಯವಲ್ಲ.

ತುಂಗಭದ್ರಾ ಜಲಾಶಯದ 378 ಚದರ ಕಿಲೋಮೀಟರ್ ಹರವಿನ ನೀರಿನ ಮೇಲೆ 4.933 ಟಿಎಂಸಿಯನ್ನು ಸಮನಾಗಿ ಹರಡಿದರೆ ಸಿಗುವ ಆಳ 37 ಸೆಂಟಿಮೀಟರ್. ಒಂದು ಮೊಳಕ್ಕಿಂತ ಕಡಿಮೆ. ಆಳವನ್ನು ಒಂದು ಸೆಂಟಿಮೀಟರ್ ತಪ್ಪಾಗಿ ಬರೆದರೂ 0.133 ಟಿಎಂಸಿ ಆಚೀಚೆ ಆಗುತ್ತದೆ. ಜಲಾಶಯದ ಅಳತೆಗೆ ಇಳಿಯುವ ದೋಣಿಯ ಉಪಕರಣಗಳ ಬಗ್ಗೆ ಇಷ್ಟೊಂದು ಬರೆಯಲು ಕಾರಣ ಈ ಒಂದು ಸೆಂಟಿಮೀಟರು.

ಅಂಥ ದೋಣಿಯಲ್ಲಿ ಎರಡು ಉಪಕರಣ ಜೊತೆಗೂಡಿ ಕೆಲಸ ಮಾಡಬೇಕು. ಎಕೋ ಸೌಂಡರ್ ಶಬ್ದವನ್ನು ತಳಕ್ಕೆ ಕಳಿಸಿ, ಅದು ಮರಳಿದ ಹೊತ್ತಿನಿಂದ ಆಳ ಹೇಳುತ್ತದೆ. ಜಿಪಿಎಸ್ ಆ ಆಳ ಯಾವ ಜಾಗದ್ದು ಎಂದು ಹೇಳುತ್ತದೆ. ಎರಡನ್ನೂ ನಕ್ಷೆಯ ಮೇಲೆ ತೋರಿಸುವ ಪರದೆಗೆ ಚಾರ್ಟ್‌ಪ್ಲಾಟರ್ ಎನ್ನುತ್ತಾರೆ. ಪರದೆ ಹುಡ್‌ನ ನೆರಳಲ್ಲಿರುತ್ತದೆ, 15–20 ವರ್ಷ ಬಾಳುತ್ತದೆ. ಆಂಟೆನಾ ಬಿಸಿಲು ಮಳೆಯಲ್ಲಿ ನಿಲ್ಲುತ್ತದೆ, ಅದೇ ಮೊದಲು ಕೈಕೊಡುತ್ತದೆ. ಆಗ ಪರದೆಯನ್ನೇ ಬದಲಿಸುವುದು ರೂಢಿ. ಬಹುಪಾಲು ಸಂದರ್ಭದಲ್ಲಿ ಅದರ ಅಗತ್ಯವಿಲ್ಲ ಎಂಬುದು ನನ್ನ ನಿಲುವು. ಅಂಕಿಗಳನ್ನು ಹೊಂದಿಸಿದರೆ ಸಾಕು.

ಮೊದಲ ಅಂಕಿ 4,800. ಹಳೆಯ ಪರದೆಗಳು ಎನ್‌ಎಂಇಎ 0183 ಎಂಬ, 1983ರ ಕಾಲದ ನಿಯಮದಲ್ಲಿ ಮಾತನಾಡುತ್ತವೆ. ಅದರ ವೇಗ ಸೆಕೆಂಡಿಗೆ 4,800 ಬಿಟ್. ಒಂದು ಅಕ್ಷರಕ್ಕೆ 10 ಬಿಟ್ ಬೇಕು, ಆದ್ದರಿಂದ ಸೆಕೆಂಡಿಗೆ 480 ಅಕ್ಷರ. ಆಂಟೆನಾ ಕಳಿಸುವ ಒಂದು ಸಾಲು 82 ಅಕ್ಷರ ಮೀರುವಂತಿಲ್ಲ; ಸಾಮಾನ್ಯವಾಗಿ 70ರ ಆಸುಪಾಸು. ಸ್ಥಾನ ಹೇಳುವ ಜಿಜಿಎ, ದಿನಾಂಕ ಮತ್ತು ವೇಗ ಹೇಳುವ ಆರ್‌ಎಂಸಿ, ಈ ಎರಡು ಸಾಲಿಗೆ 140ರಿಂದ 145 ಅಕ್ಷರ, ಅಂದರೆ ದಾರಿಯ ಶೇ 30. ಇಂದಿನ ಆಂಟೆನಾ ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಉಪಗ್ರಹಗಳನ್ನೂ ಹಿಡಿಯುತ್ತದೆ. ಪ್ರತಿ ಕೂಟದ ಉಪಗ್ರಹಗಳ ಪಟ್ಟಿಗೆ ಮೂರು ಸಾಲೆಂದರೆ ನಾಲ್ಕು ಕೂಟಕ್ಕೆ 12 ಸಾಲು, 840 ಅಕ್ಷರ. 480ರ ದಾರಿಯಲ್ಲಿ 840 ಹಿಡಿಸುವುದಿಲ್ಲ. ಸಾಲುಗಳು ತಡವಾಗಿ ಬರುತ್ತವೆ, ಇಲ್ಲವೆ ಅರ್ಧಕ್ಕೆ ತುಂಡಾಗುತ್ತವೆ.

ತಡವಾದರೆ ಆಗುವ ನಷ್ಟವನ್ನೂ ಅಳೆಯಬಹುದು. ದೋಣಿ ಸೆಕೆಂಡಿಗೆ 2 ಮೀಟರ್ ಸಾಗುತ್ತಿದ್ದು ಸ್ಥಾನ 2 ಸೆಕೆಂಡ್ ತಡವಾಗಿ ಬಂದರೆ ಗುರುತು 4 ಮೀಟರ್ ಹಿಂದೆ ಬೀಳುತ್ತದೆ. ಹೋಗುವಾಗ 4 ಮೀಟರ್ ಒಂದು ಕಡೆ, ಬರುವಾಗ 4 ಮೀಟರ್ ಇನ್ನೊಂದು ಕಡೆ. ಒಂದೇ ಬಂಡೆ ನಕ್ಷೆಯಲ್ಲಿ 8 ಮೀಟರ್ ಅಂತರದಲ್ಲಿ ಎರಡಾಗುತ್ತದೆ. ತಳ 100 ಮೀಟರಿಗೆ 1 ಮೀಟರ್ ಇಳಿಯುವ ಕಡೆ 8 ಮೀಟರಿನ ಬೆಲೆ 8 ಸೆಂಟಿಮೀಟರ್ ಆಳ. ಹೋಗಿ ಬಂದ ಸಾಲುಗಳು ಸಮಸಂಖ್ಯೆಯಲ್ಲಿದ್ದರೆ ತಪ್ಪು ಬಹುಮಟ್ಟಿಗೆ ವಜಾ ಆಗುತ್ತದೆ. ಒಂದೇ ದಿಕ್ಕಿನಲ್ಲಿ ಅಳೆದರೆ ಆಗುವುದಿಲ್ಲ. ಆಂಟೆನಾವನ್ನು ಎಕೋ ಸೌಂಡರ್ ಮುಳುಗಿಸಿದ ಜಾಗದ ನೇರ ಮೇಲೆ ನಿಲ್ಲಿಸಬೇಕು ಎನ್ನುವುದೂ ಇದೇ ಕಾರಣಕ್ಕೆ: ಮೂರು ಮೀಟರ್ ಆಚೆ ನಿಲ್ಲಿಸಿದರೆ ಅದೇ ಇಳಿಜಾರಿನಲ್ಲಿ 3 ಸೆಂಟಿಮೀಟರ್ ಹೋಯಿತು.

ಸಾಲಿನ ಮೊದಲ ಎರಡು ಅಕ್ಷರವೂ ತೊಂದರೆ ಕೊಡುತ್ತದೆ. ಜಿಪಿಎಸ್ ಮಾತ್ರ ಹಿಡಿದರೆ ಸಾಲು 'ಜಿಪಿ' ಎಂದು ಶುರುವಾಗುತ್ತದೆ, ಹಲವು ಕೂಟ ಸೇರಿದರೆ 'ಜಿಎನ್' ಎಂದು. ಹಳೆಯ ಪರದೆಗಳಲ್ಲಿ ಕೆಲವು 'ಜಿಎನ್' ಕಂಡರೆ ಸುಮ್ಮನೆ ಬಿಟ್ಟುಬಿಡುತ್ತವೆ. ತಂತಿ ಸರಿ, ವಿದ್ಯುತ್ತು ಸರಿ, ಪರದೆ ಮಾತ್ರ ಖಾಲಿ. ಆಂಟೆನಾವನ್ನು ಜಿಪಿಎಸ್ ಒಂದಕ್ಕೇ ಸೀಮಿತಗೊಳಿಸಿ, 4,800 ವೇಗಕ್ಕೆ ಇಳಿಸಿ, ಸೆಕೆಂಡಿಗೆ ಒಂದು ಸಲ ಎರಡೇ ಸಾಲು ಕಳಿಸುವಂತೆ ಮಾಡಿದರೆ ಈ ಎರಡೂ ತೊಂದರೆ ತೀರುತ್ತವೆ. ಸೆಕೆಂಡಿಗೆ 10 ಸಲ ಕಳಿಸುವ ಆಂಟೆನಾ ಕೊಂಡು ಲಾಭವಿಲ್ಲ: ಎರಡು ಸಾಲಿನಂತೆ 1,400 ಅಕ್ಷರ ದಾಟುತ್ತದೆ, ದಾರಿಯ ಮೂರು ಪಟ್ಟು.

ಸಾಲಿನೊಳಗಿನ ಅಂಕಿಯನ್ನು ಓದುವ ಬಗೆ ಇನ್ನೂ ದೊಡ್ಡ ತಪ್ಪಿಗೆ ಎಡೆ. ಜುರಾಲ ಅಣೆಕಟ್ಟಿನ ಅಕ್ಷಾಂಶ ಸುಮಾರು 16 ಡಿಗ್ರಿ 20.25 ಮಿನಿಟು, ರೇಖಾಂಶ 77 ಡಿಗ್ರಿ 42.27 ಮಿನಿಟು. ಆಂಟೆನಾ ಇದನ್ನು 1620.250 ಮತ್ತು 07742.270 ಎಂದು ಕಳಿಸುತ್ತದೆ. ನಕ್ಷೆಗೆ ಕೈಯಿಂದ ತುಂಬುವವರು ಇದನ್ನೇ 16.20250 ಮತ್ತು 77.42270 ಡಿಗ್ರಿ ಎಂದು ಬರೆದುಕೊಂಡರೆ ಅಣೆಕಟ್ಟು ದಕ್ಷಿಣಕ್ಕೆ 15 ಕಿಲೋಮೀಟರ್, ಪಶ್ಚಿಮಕ್ಕೆ 30 ಕಿಲೋಮೀಟರ್ ಸರಿದು ರಾಯಚೂರು ಪಟ್ಟಣದ ಪೂರ್ವಕ್ಕೆ ಸುಮಾರು 8 ಕಿಲೋಮೀಟರ್ ದೂರದ ಒಣ ನೆಲದಲ್ಲಿ ಬಂದು ಕೂರುತ್ತದೆ. ಸರಿಯಾದ ಡಿಗ್ರಿ 16.3375 ಮತ್ತು 77.7045. ಮಿನಿಟನ್ನು 60ರಿಂದ ಭಾಗಿಸಬೇಕು, ಅಷ್ಟೆ. ಅಕ್ಷಾಂಶದ ಒಂದು ಮಿನಿಟು 1,852 ಮೀಟರ್. ಮೂರನೆಯ ದಶಾಂಶದ ಬೆಲೆ 1.85 ಮೀಟರ್.

ದಿನಾಂಕದ ಅಂಕಿ 1,024. ಜಿಪಿಎಸ್ ಉಪಗ್ರಹಗಳು ವಾರಗಳನ್ನು 0ರಿಂದ 1,023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತವೆ. ಒಂದು ಸುತ್ತು 7,168 ದಿನ, 19.6 ವರ್ಷ. ಸುತ್ತು ಮುಗಿದದ್ದು 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಮುಂದಿನದು 2038ರ ನವೆಂಬರ್. ಎಣಿಕೆ ತಪ್ಪಿದ ರಿಸೀವರ್ (ಉಪಗ್ರಹದ ಸಂಕೇತದಿಂದ ಸ್ಥಾನ ಲೆಕ್ಕಹಾಕುವ ಭಾಗ) 1 ಜನವರಿ 2024ನ್ನು 17 ಮೇ 2004 ಎಂದು ತೋರಿಸುತ್ತದೆ. ಸ್ಥಾನ ಹಲವು ಸಲ ಸರಿಯಾಗಿಯೇ ಇರುತ್ತದೆ, ಆದರೆ ಆ ದಿನದ ನೀರಿನ ಮಟ್ಟದೊಂದಿಗೆ ಆಳವನ್ನು ಕೂಡಿಸುವಾಗ ಲೆಕ್ಕ ಕೈತಪ್ಪುತ್ತದೆ. ಜುರಾಲದ ಪೂರ್ಣ ಮಟ್ಟ 318.516 ಮೀಟರ್. ಯಾವ ದಿನ ನೀರು ಅದಕ್ಕಿಂತ ಎಷ್ಟು ಕೆಳಗಿತ್ತು ಎಂಬುದು ಗೊತ್ತಿಲ್ಲದ ಆಳದ ಅಂಕಿ ಬರಿಯ ಅಂಕಿ.

ಇಲ್ಲಿಯವರೆಗೆ ಹೇಳಿದ್ದು ರಿಸೀವರ್ ಒಳಗೇ ಇರುವ ಆಂಟೆನಾಗಳಿಗೆ. ಇನ್ನು ಕೆಲವು ಪರದೆಗಳಲ್ಲಿ ರಿಸೀವರ್ ಪರದೆಯೊಳಗಿದ್ದು, ಹೊರಗೆ ಬರಿ ಆಂಟೆನಾ ಇರುತ್ತದೆ. ಆಗ ಕೇಬಲ್‌ನಲ್ಲಿ ಹರಿಯುವುದು ಅಕ್ಷರವಲ್ಲ, 20,200 ಕಿಲೋಮೀಟರ್ ಎತ್ತರದಿಂದ ಬಂದ 1,575.42 ಮೆಗಾಹರ್ಟ್ಜ್ ತರಂಗ. ಆರ್‌ಜಿ-58 ಎಂಬ ಸಣ್ಣ ಕೇಬಲ್ 10 ಮೀಟರಿಗೆ ಸುಮಾರು 7 ಡೆಸಿಬೆಲ್ ನುಂಗುತ್ತದೆ. ಐದರಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಆಂಟೆನಾದೊಳಗಿನ ಆಂಪ್ಲಿಫೈಯರ್ 26 ಡೆಸಿಬೆಲ್, ಅಂದರೆ ಸುಮಾರು 400 ಪಟ್ಟು ಹಿಗ್ಗಿಸಿ ಈ ನಷ್ಟ ತುಂಬುತ್ತದೆ. ಆ ಆಂಪ್ಲಿಫೈಯರಿಗೆ ಪರದೆ ಕೊಡುವುದು 3.3 ಇಲ್ಲವೆ 5 ವೋಲ್ಟ್. ದೋಣಿಯ ಬ್ಯಾಟರಿ 12 ವೋಲ್ಟ್. ಇವೆರಡನ್ನು ಅದಲುಬದಲು ಮಾಡಿದರೆ ಹೊಸ ಆಂಟೆನಾ ಅಲ್ಲಿಗೇ ಮುಗಿಯಿತು. ಕೊಳ್ಳುವ ಮೊದಲು ಹಳೆಯದು ಎರಡರಲ್ಲಿ ಯಾವ ಬಗೆಯದು ಎಂದು ನೋಡಲೇಬೇಕು.

ಕಡಲ ದೋಣಿಗಳಿಗೆ ಕೇಂದ್ರದ ನೆರವಿದೆ. ಮತ್ಸ್ಯ ಸಂಪದ ಯೋಜನೆಯಡಿ 1 ಲಕ್ಷ ದೋಣಿಗಳಿಗೆ ಸ್ಥಾನ ತಿಳಿಸುವ ಟ್ರಾನ್ಸ್‌ಪಾಂಡರ್ ಅಳವಡಿಸಲು ₹364 ಕೋಟಿ. 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆಯಾಯಿತು. ದೋಣಿಗೆ ಸರಾಸರಿ ₹36,400. ಇದು ಕರಾವಳಿಯ 13 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಕಡಲಿಲ್ಲದ ತೆಲಂಗಾಣದ ಜಲಾಶಯದ ದೋಣಿ ಈ ಎಣಿಕೆಯಲ್ಲಿ ಬರುವುದಿಲ್ಲ. ಇರುವ ಪರದೆಯನ್ನು ಉಳಿಸಿಕೊಳ್ಳುವ ಮಾತಿಗೆ ಇಲ್ಲಿ ಹೆಚ್ಚು ತೂಕ ಬರುವುದು ಅದಕ್ಕೇ.

ಜೋಡಣೆ ಮುಗಿದ ದಿನ ದೋಣಿಯನ್ನು ನೀರಿಗೆ ಬಿಡುವ ಮುಂಚೆ ದಡದ ಗೂಟಕ್ಕೆ ಕಟ್ಟಿ 10 ನಿಮಿಷ ಬಿಡಬೇಕು. ಸೆಕೆಂಡಿಗೊಂದರಂತೆ 600 ಗುರುತು ಬೀಳುತ್ತವೆ. 600ರಲ್ಲಿ ಎಷ್ಟು ಬಂದವು ಎಂದು ಮೊದಲು ಎಣಿಸಬೇಕು: 600 ಬಂದಿದ್ದರೆ ದಾರಿ ಸಾಕಾಗಿದೆ, 400 ಬಂದಿದ್ದರೆ ಸಾಲುಗಳು ತುಂಡಾಗುತ್ತಿವೆ. ಆಮೇಲೆ ಗುರುತುಗಳ ಹರವು ನೋಡಬೇಕು. ಆಕಾಶ ತೆರೆದಿರುವಲ್ಲಿ ಅವು ಕೆಲವೇ ಮೀಟರಿನ ವ್ಯಾಪ್ತಿಯಲ್ಲಿ ಗುಂಪಾಗಿ ಕೂತಿರಬೇಕು.