ಅಮ್ಮನ ಸೀಸೆ, ಮೊಮ್ಮಗಳ ಪ್ರಶ್ನೆ

ಪುದೀನ ಹೂವು, ಓಮದ ಹೂವು, ಕರ್ಪೂರ ಮೂರನ್ನೂ ನನ್ನ ಅಮ್ಮ ಒಂದು ಸೀಸೆಗೆ ಹಾಕಿ ಮುಚ್ಚಿಡುತ್ತಿದ್ದರು. ಮೂರೂ ಗಟ್ಟಿ ಹರಳುಗಳೇ. ಸ್ವಲ್ಪ ಹೊತ್ತಿನಲ್ಲಿ, ಒಂದು ಹನಿ ನೀರೂ ಸೇರಿಸದೆ, ಸೀಸೆಯೊಳಗೆ ದ್ರವ! ಅದೇ ಅಮೃತಧಾರೆ. ಯಾಕೆ ಕರಗಿತು ಎಂದು ನಾನು ಕೇಳಲೇ ಇಲ್ಲ. ಬಿ.ಕಾಂ. ಓದಿ, ಬ್ಯಾಂಕಿನ ಲೆಡ್ಜರ್‌ಗಳಲ್ಲೇ ಆಯುಷ್ಯ ಕಳೆದೆ.

ಮೊನ್ನೆ ಕೈ ತೊಳೆಯುತ್ತಿದ್ದ ಮೊಮ್ಮಗಳು, "ತಾತ, ನೀರೇ ಇಲ್ಲದಿದ್ದರೆ ಸೋಪು ಏನು ಮಾಡುತ್ತೆ?" ಎಂದಳು. "ಏನೂ ಮಾಡಲ್ಲ" ಎಂದುಬಿಟ್ಟೆ. ಆಮೇಲೆ ಓದಿ ನೋಡಿದರೆ ನನ್ನ ಉತ್ತರ ತಪ್ಪು!

ಮಕ್ಕಳೇ, ಸೋಪಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ಆಗದು. ಹಾಗಾಗಿ ನೀರಿನಲ್ಲಿ ಸಾಕಷ್ಟು ಅಣುಗಳು ಸೇರಿದಾಗ ಬಾಲಗಳನ್ನು ಒಳಗೆ ಬಚ್ಚಿಟ್ಟು, ತಲೆಗಳನ್ನು ಹೊರಗಿಟ್ಟು ಪುಟ್ಟ ಉಂಡೆ ಕಟ್ಟುತ್ತವೆ. ಈ ಉಂಡೆಯ ಹೆಸರು ಮೈಸೆಲ್. ಜಿಡ್ಡು ಅದರ ಹೊಟ್ಟೆ ಸೇರಿ ನೀರಿನೊಂದಿಗೆ ಹೋಗುತ್ತದೆ.

2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಾಟ್ ಮತ್ತು ಸಂಗಡಿಗರು ಅಮೃತಧಾರೆಯಂಥದೇ ಒಂದು ದ್ರವದ ಬಗ್ಗೆ ಬರೆದರು. ಹೊಲಕ್ಕೆ ಹಾಕುವ ಯೂರಿಯಾ ಎರಡು ಪಾಲು, ಕೋಳಿ ಆಹಾರಕ್ಕೆ ಬೆರೆಸುವ ಕೋಲೀನ್ ಕ್ಲೋರೈಡ್ ಒಂದು ಪಾಲು. ಯೂರಿಯಾ ಕರಗಲು ಸುಮಾರು 133 ಡಿಗ್ರಿ ಸೆಲ್ಸಿಯಸ್ ಬೇಕು, ಇನ್ನೊಂದಕ್ಕೆ 302. ಬೆರೆತಾಗ ಮಾತ್ರ 12 ಡಿಗ್ರಿಯಲ್ಲೇ ದ್ರವ! ಒಂದರ ಅಣು ಇನ್ನೊಂದರ ಕೈ ಹಿಡಿದುಕೊಳ್ಳುವುದರಿಂದ ಎರಡಕ್ಕೂ ತಮ್ಮ ತಮ್ಮ ಹರಳಿನ ಸಾಲಿನಲ್ಲಿ ನಿಲ್ಲಲು ಆಗುವುದಿಲ್ಲ.

ಪೆಟ್ರೋಲಿಯಂನಿಂದ ತೆಗೆದ ಅನೇಕ ದ್ರಾವಕಗಳು ಬೇಗ ಆವಿಯಾಗುತ್ತವೆ, ಬೆಂಕಿ ಹಿಡಿಯುತ್ತವೆ, ಉಸಿರಿಗೂ ಕೆಡುಕು. ಇದು ಹಾಗೆ ಆವಿಯಾಗದು. ಆದರೆ ಹರಳೆಣ್ಣೆಯಂತೆ ಮಂದ.

ಇದರಲ್ಲಿ ಸೋಪು ಏನು ಮಾಡುತ್ತದೆ? ಬಾತ್ ವಿಶ್ವವಿದ್ಯಾಲಯದ ಕರೆನ್ ಎಡ್ಲರ್ ಅವರ ತಂಡ, ಶಾಂಪೂ ಮತ್ತು ಟೂತ್‌ಪೇಸ್ಟ್‌ಗಳಲ್ಲಿ ಬಳಸುವ ಸೋಡಿಯಂ ಡೋಡೆಸಿಲ್ ಸಲ್ಫೇಟನ್ನು ಇದರಲ್ಲಿ ಕರಗಿಸಿ ಪರೀಕ್ಷಿಸಿತು. ಅಲ್ಲೂ ಮೈಸೆಲ್ ಕಟ್ಟಿತು! ಆದರೆ ಉಂಡೆಯಲ್ಲ, ಸೌತೆಕಾಯಿಯಂತೆ ಉದ್ದ. ನೀರಿನಲ್ಲಿ ತಲೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಇಲ್ಲಿ ಕೋಲೀನ್ ನಡುವೆ ನಿಂತು ಜಗಳ ಬಿಡಿಸುವುದರಿಂದ ಒತ್ತೊತ್ತಾಗಿ ಕೂರುತ್ತವೆ.

ಮೊಮ್ಮಗಳ ಮುಂದೆ ತಪ್ಪೊಪ್ಪಿಕೊಂಡೆ. "ನಿಮ್ಮ ಅಮ್ಮನಿಗೆ ಇದೆಲ್ಲ ಗೊತ್ತಿತ್ತಾ?" ಎಂದಳು.

"ಮಾಡಲು ಗೊತ್ತಿತ್ತು. ಯಾಕೆ ಎಂದು ನಾನು ಕೇಳಬೇಕಿತ್ತು," ಎಂದೆ.