ಗೊರಕೆ ಸುಖನಿದ್ರೆಯ ಗುರುತೇ?

ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಹೋದವರಿಗೆಲ್ಲ ಈ ಅನುಭವವಿದೆ. ಹಗಲೆಲ್ಲ ನಡೆದು ದಣಿದ ಯಾತ್ರಿಕರು ರಾತ್ರಿ ಸಾಲಾಗಿ ಮಲಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಯಾರದೋ ಗೊರಕೆ ಆರಂಭವಾಗುತ್ತದೆ. "ಕಾಕಾನ ಪುಣ್ಯಾ ನೋಡ್ರಿ, ಹೆಂಗ ನಿದ್ದಿ ಹತ್ತೇದ!" ಎಂದು ಪಕ್ಕದವರು ನಗುತ್ತಾರೆ. ಗಟ್ಟಿಯಾಗಿ ಗೊರಕೆ ಹೊಡೆಯುವವನದು ಗಾಢನಿದ್ರೆ ಎಂಬುದು ನಮ್ಮ ಜನರ ನಂಬಿಕೆ. ಆದರೆ ಎಲ್ಲ ಗೊರಕೆಯೂ ಸುಖನಿದ್ರೆಯ ಗುರುತಲ್ಲ.

ಕಿವಿಗೊಟ್ಟು ಕೇಳಿದರೆ, ಕೆಲವರ ಗೊರಕೆ ಏರುತ್ತಾ ಹೋಗಿ ಒಮ್ಮೆಲೇ ನಿಂತುಬಿಡುತ್ತದೆ. ಹತ್ತು, ಕೆಲವೊಮ್ಮೆ ಮೂವತ್ತು ಎಣಿಸುವವರೆಗೆ ಸದ್ದೇ ಇಲ್ಲ. ಎದೆ ಹೊಟ್ಟೆಗಳು ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ಬಳಿಕ ಬಾವಿಯಲ್ಲಿ ಮುಳುಗಿದವನು ಮೇಲೆದ್ದಂತೆ ಒಮ್ಮೆ ಏದುಸಿರು, ಮತ್ತೆ ಗೊರಕೆ. ಈ ರೋಗವನ್ನು ವೈದ್ಯರು 'ಸ್ಲೀಪ್ ಅಪ್ನಿಯಾ' ಎನ್ನುತ್ತಾರೆ. ಗ್ರೀಕ್ ಮೂಲದ 'ಅಪ್ನಿಯಾ' ಶಬ್ದಕ್ಕೆ ಉಸಿರಿಲ್ಲದಿರುವುದು ಎಂದರ್ಥ.

ಇದು ಹೇಗೆ ಸಂಭವಿಸುತ್ತದೆ? ಹೊಲಕ್ಕೆ ನೀರು ಹಾಯಿಸುವ ಮೆತ್ತನೆಯ ಪ್ಲಾಸ್ಟಿಕ್ ಪೈಪನ್ನು ನಾವು ನೋಡಿದ್ದೇವೆ. ಪಂಪಿನ ನೀರಿನ ಒತ್ತಡವಿದ್ದಾಗ ಅದು ಉಬ್ಬಿ ನಿಲ್ಲುತ್ತದೆ. ಒತ್ತಡ ತಪ್ಪಿದರೆ ಚಪ್ಪಟೆಯಾಗುತ್ತದೆ. ನಮ್ಮ ಗಂಟಲೂ ಮೆತ್ತನೆಯ ನಾಳವೇ. ಎಚ್ಚರದಲ್ಲಿ ಸ್ನಾಯುಗಳು ಅದನ್ನು ತೆರೆದಿಟ್ಟಿರುತ್ತವೆ. ನಿದ್ರೆಯಲ್ಲಿ ಅವು ಸಡಿಲಾದಾಗ ನಾಲಿಗೆ ಹಿಂದಕ್ಕೆ ಜಾರಿ, ಕೆಲವರಲ್ಲಿ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಬೆಚ್ಚಿ ಕ್ಷಣಕಾಲ ಎಚ್ಚರಿಸುತ್ತದೆ. ಹೀಗೆ ರಾತ್ರಿಯಲ್ಲಿ ನೂರಾರು ಸಲ ಆಗಬಹುದು. ವಿಚಿತ್ರವೆಂದರೆ, ಮುಂಜಾನೆ ರೋಗಿಗೆ ಇದಾವುದೂ ನೆನಪಿರುವುದಿಲ್ಲ!

ಆದರೆ ಲಕ್ಷಣಗಳು ಹಗಲಿನಲ್ಲಿ ತೋರುತ್ತವೆ. ಎದ್ದಾಗ ತಲೆನೋವು, ಒಣಗಿದ ಬಾಯಿ, ಕುಳಿತಲ್ಲಿಯೇ ತೂಕಡಿಕೆ, ಮರೆವು, ಸಿಡುಕು. ದಪ್ಪ ಕುತ್ತಿಗೆಯವರಿಗೆ, ಸ್ಥೂಲಕಾಯರಿಗೆ ಇದು ಹೆಚ್ಚು. ಚಿಕ್ಕ ದವಡೆಯ ತೆಳ್ಳಗಿನವರಿಗೂ, ಹೆಂಗಸರಿಗೂ ಬರುತ್ತದೆ. ಅಲಕ್ಷಿಸಿದರೆ ರಕ್ತದೊತ್ತಡ ಏರುತ್ತದೆ. ಹೃದ್ರೋಗ, ಪಾರ್ಶ್ವವಾಯುಗಳ ಭಯ ಹೆಚ್ಚುತ್ತದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಲಾರಿ, ಟ್ರ್ಯಾಕ್ಟರು ನಡೆಸುವವನಿಗೆ ಈ ರೋಗವಿದ್ದರೆ ಒಂದು ಕ್ಷಣದ ತೂಕಡಿಕೆಯೇ ಸಾಕು. ಕನ್ನಡದ 'ಆಫ್ರಿಕಾದಲ್ಲಿ ಶೀಲಾ' ಚಿತ್ರಕ್ಕೂ ಸಂಗೀತ ನೀಡಿದ ಬಪ್ಪಿ ಲಾಹಿರಿಯವರು 2022ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ ರೋಗ.

ಮಕ್ಕಳಿಗೂ ಇದು ತಪ್ಪಿದ್ದಲ್ಲ. ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳು ಊದಿಕೊಂಡರೆ ಮಗು ಬಾಯಿ ತೆರೆದು ಮಲಗುತ್ತದೆ, ಗೊರಕೆ ಹೊಡೆಯುತ್ತದೆ. ಕೆಲವೊಮ್ಮೆ ಹಾಸಿಗೆ ಒದ್ದೆ ಮಾಡುತ್ತದೆ. ಹಗಲು ಪಾಠದಲ್ಲಿ ಲಕ್ಷ್ಯವಿರುವುದಿಲ್ಲ. ಅಂಥ ಹುಡುಗನನ್ನು ಸೋಮಾರಿಯೆಂದು ನಾವು ಶಿಕ್ಷಕರೇ ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಅವನ ರಾತ್ರಿ ಹೇಗೆ ಕಳೆಯಿತೆಂದು ನಾವು ಕೇಳಲಿಲ್ಲ. ಅದು ನಮ್ಮ ತಪ್ಪು.

ರೋಗದ ಪತ್ತೆಗೆ ನಿದ್ರಾಪರೀಕ್ಷೆ ಇದೆ. ಮಲಗಿದವನ ಉಸಿರು, ಎದೆಬಡಿತ, ರಕ್ತದ ಆಮ್ಲಜನಕ, ಮೆದುಳಿನ ತರಂಗಗಳನ್ನು ರಾತ್ರಿಯಿಡೀ ದಾಖಲಿಸುತ್ತಾರೆ. ಮನೆಯಲ್ಲಿಯೇ ಕಟ್ಟಿಕೊಂಡು ಮಲಗುವ ಚಿಕ್ಕ ಉಪಕರಣಗಳೂ ಇವೆ. ದೊಡ್ಡವರಲ್ಲಿ 10 ಸೆಕೆಂಡು ಅಥವಾ ಹೆಚ್ಚು ಕಾಲ ಉಸಿರು ನಿಲ್ಲುವುದು ಇಲ್ಲವೆ ತೀರ ಕುಗ್ಗುವುದನ್ನು ಎಣಿಸುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 30 ದಾಟಿದರೆ ರೋಗ ತೀವ್ರ.

ಚಿಕಿತ್ಸೆಯುಂಟೇ? ಖಂಡಿತ ಉಂಟು. 1981ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸುಲಿವಾನ್ ಮತ್ತು ಸಂಗಡಿಗರು ಹೊಸ ಉಪಾಯವೊಂದನ್ನು ಪ್ರಕಟಿಸಿದರು. ಮೂಗಿಗೆ ಮುಖವಾಡ ಕಟ್ಟಿ, ಯಂತ್ರದಿಂದ ಹದವಾದ ಒತ್ತಡದಲ್ಲಿ ಗಾಳಿ ಹರಿಸುವುದೇ ಆ ಉಪಾಯ. ಪಂಪಿನ ನೀರು ಪೈಪನ್ನು ಉಬ್ಬಿಸಿದಂತೆ ಈ ಗಾಳಿ ಗಂಟಲನ್ನು ತೆರೆದಿಡುತ್ತದೆ. 'ಸಿಪ್ಯಾಪ್' ಎಂಬ ಈ ಯಂತ್ರವೇ ಇಂದಿಗೂ ಮುಖ್ಯ ಚಿಕಿತ್ಸೆ. ಕೆಲವರಿಗೆ ಕೆಳದವಡೆಯನ್ನು ಮುಂದಿಡುವ ಹಲ್ಲಿನ ಸಾಧನ, ಕೆಲವರಿಗೆ ಶಸ್ತ್ರಕ್ರಿಯೆ. ಮಕ್ಕಳಲ್ಲಿ ಊದಿದ ಗ್ರಂಥಿಗಳನ್ನು ತೆಗೆದರೆ ಬಹುಮಟ್ಟಿಗೆ ಗುಣವಾಗುತ್ತದೆ.

ಖರ್ಚಿಲ್ಲದ ಉಪಾಯಗಳೂ ಇವೆ: ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಸೆರೆ ಸಿಂದಿ ಬಿಡುವುದು, ವೈದ್ಯರನ್ನು ಕೇಳದೆ ನಿದ್ರೆಯ ಗುಳಿಗೆ ನುಂಗದಿರುವುದು. ಸೆರೆಯಿಂದ ಗಂಟಲು ಇನ್ನಷ್ಟು ಸಡಿಲಾಗುತ್ತದೆ.

ವಿದ್ಯಾರ್ಥಿಗಳೇ, ಈ ರೋಗವನ್ನು ರೋಗಿ ತಾನಾಗಿ ಕಾಣಲಾರ. ಪಕ್ಕದಲ್ಲಿ ಎಚ್ಚರವಿದ್ದವರೇ ಕಾಣಬೇಕು. ಇಂದು ರಾತ್ರಿ ಅಪ್ಪನ, ಅಜ್ಜಿಯ ಅಥವಾ ತಮ್ಮನ ಗೊರಕೆ ನಡುವೆ ನಿಂತರೆ ನಗಬೇಡಿರಿ, ಎಣಿಸಿರಿ. ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ ಊರಿನ ವೈದ್ಯರಿಗೆ ತೋರಿಸಿರಿ. ಜತ್ತದಲ್ಲಿ ಪರೀಕ್ಷೆಗೆ ಅನುಕೂಲವಾಗದಿದ್ದರೆ ಮಿರಜ, ಸಾಂಗಲಿ ಅಥವಾ ವಿಜಯಪುರದ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲು ಹಿರಿಯರನ್ನು ಒಪ್ಪಿಸಿರಿ. ನೀವು ಎಣಿಸಿದ ಆ ಹತ್ತು ಸೆಕೆಂಡುಗಳು ಒಂದು ಜೀವವನ್ನು ಉಳಿಸಬಲ್ಲವು.