ಕಾಡು ಕಾಯಲು ವಿದೇಶಕ್ಕೆ ಹೊರಟ ಮಕ್ಕಳು: ಹಣ ಕಟ್ಟುವ ಮುನ್ನ ತಿಳಿಯಬೇಕಾದ್ದು

ಮಾನಂದವಾಡಿ: ಪ್ಲಸ್ ಟು ಪರೀಕ್ಷೆ ಮುಗಿಸಿದ ಮಕ್ಕಳ ಮೊಬೈಲಿಗೆ ಈಗ ಬಗೆಬಗೆಯ ಜಾಹೀರಾತುಗಳು ಬರುತ್ತವೆ. ಆಫ್ರಿಕಾದಲ್ಲಿ ಸಿಂಹದ ಮರಿಗೆ ಹಾಲು ಕುಡಿಸಬಹುದು, ಕೋಸ್ಟರಿಕಾದ ಕಡಲತೀರದಲ್ಲಿ ಆಮೆಯ ಮೊಟ್ಟೆ ಕಾಯಬಹುದು, ಕೊನೆಗೆ ಸರ್ಟಿಫಿಕೇಟೂ ಸಿಗುತ್ತದೆ. ಕಾಲೇಜು ಸೀಟಿಗೆ ಅನುಕೂಲ, ಪರದೇಶ ನೋಡಿದ ಹಾಗೂ ಆಯಿತು. "ಕಳಿಸಬಹುದಾ?" ಎಂದು ಕೇಳುವ ತಂದೆತಾಯಿಗಳಿಗೆ ಸರಿಯಾದ ಉತ್ತರ ಹೇಳುವವರು ಕಡಿಮೆ.

ಇಂಥ ಸೇವೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಪೆರಿಯದ ಹತ್ತಿರವಿರುವ ಗುರುಕುಲ ಸಸ್ಯಧಾಮವನ್ನು 1981ರಲ್ಲಿ ಕಟ್ಟಿದವರು ಜರ್ಮನಿಯಿಂದ ಬಂದ ವೋಲ್ಫ್‌ಗಾಂಗ್ ಥಾಯರ್‌ಕಾಫ್. ಪಶ್ಚಿಮ ಘಟ್ಟದ ಅಳಿವಿನಂಚಿನ ಗಿಡಗಳನ್ನು ತಂದು ಬೆಳೆಸುವ ಆ ಕೆಲಸಕ್ಕೆ ಹೊರದೇಶದ ಯುವಕ ಯುವತಿಯರೂ ಬಂದು ಕೈ ಜೋಡಿಸಿದ್ದಾರೆ. ಆದರೆ ಥಾಯರ್‌ಕಾಫ್ ಎರಡು ವಾರ ಇದ್ದು ಹೋದವರಲ್ಲ, 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಉಳಿದರು. ಅಲ್ಲಿ ದಿನವೂ ಗಿಡ ನೋಡಿಕೊಂಡವರಲ್ಲಿ ನಮ್ಮ ಊರಿನ ಹೆಂಗಸರೇ ಮುಖ್ಯರು. ಬಂದುಹೋಗುವವರ ಸೇವೆ ನಿಲ್ಲುವುದು ಇಲ್ಲೇ ಇರುವವರ ದುಡಿಮೆಯ ಮೇಲೆ. ಮುಂದೆ ಹೇಳುವುದಕ್ಕೆಲ್ಲ ಈ ಮಾತೇ ಆಧಾರ.

ಸೇವೆಗೆ ಹೋಗುವವರೇ ಹಣ ಕೊಡುವುದೇಕೆ?

ನಮ್ಮವರಿಗೆ ಮೊದಲು ಆಶ್ಚರ್ಯ ಆಗುವುದು ಇದೇ. ದುಡಿಯಲು ಹೋಗುವವರು ಹಣ ಪಡೆಯಬೇಕಲ್ಲವೇ? ಆದರೆ ಇಂಥ ಯೋಜನೆಗಳಲ್ಲಿ ಹೋಗುವವರೇ ಶುಲ್ಕ ಕಟ್ಟುತ್ತಾರೆ. ವಿಮಾನದ ಟಿಕೆಟ್ ಸೇರಿದರೆ ಎರಡು ವಾರಕ್ಕೇ ಲಕ್ಷ ರೂಪಾಯಿ ದಾಟುವುದು ಸಾಮಾನ್ಯ.

ಇದಕ್ಕೆ ನ್ಯಾಯವಾದ ಕಾರಣವೂ ಇದೆ. ಕೆಲಸ ಗೊತ್ತಿಲ್ಲದ ಹುಡುಗನಿಗೆ ಊಟ, ವಸತಿ, ಕಲಿಸುವವರು, ಕಾವಲಿನವರು ಎಲ್ಲ ಬೇಕು. ಅದರ ಖರ್ಚು ಸಂಶೋಧನೆಯ ಹಣದಿಂದ ಬರುವುದಿಲ್ಲ. ಅಮೆರಿಕದಲ್ಲಿ 1971ರಲ್ಲಿ ಶುರುವಾದ ಅರ್ಥ್‌ವಾಚ್ ಎಂಬ ಸಂಸ್ಥೆ ಈ ಪದ್ಧತಿಯಲ್ಲೇ ನಡೆಯಿತು. ಜನಸಾಮಾನ್ಯರು ಹಣ ಕೊಟ್ಟು ವಿಜ್ಞಾನಿಯ ಜೊತೆ ಹೋಗುತ್ತಾರೆ, ಆ ಹಣದಿಂದ ಅಧ್ಯಯನವೂ ನಡೆಯುತ್ತದೆ.

ತೊಂದರೆ ಎಲ್ಲಿ? ನಡುವೆ ಏಜೆನ್ಸಿ ಬಂದಾಗ ಎಷ್ಟು ಪಾಲು ಕಾಡಿಗೆ, ಎಷ್ಟು ಪಾಲು ಆಫೀಸಿಗೆ ಎಂಬುದು ಕಾಣುವುದಿಲ್ಲ. ಕಾಫಿ ಮಾರುವಾಗ ನಡುವಿನವರ ಕಮಿಷನ್ ಲೆಕ್ಕ ಹಾಕುವ ನಾವು ಇಲ್ಲೂ ಹಾಗೇ ಲೆಕ್ಕ ಕೇಳಬೇಕು.

ಆಮೆಯ ತೀರ, ಸಿಂಹದ ದೊಡ್ಡಿ

ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯಲು ಎರಡು ಉದಾಹರಣೆ ಸಾಕು.

ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಟೊರ್ಟುಗೇರೊ ಎಂಬ ತೀರವಿದೆ. ಹಸಿರು ಕಡಲಾಮೆಗಳು ಅಲ್ಲಿ ಮೊಟ್ಟೆ ಇಡುತ್ತವೆ. ಆರ್ಚಿ ಕಾರ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಅಲ್ಲಿ ಅಧ್ಯಯನ ಆರಂಭಿಸಿದರು. 1959ರಲ್ಲಿ ಅದಕ್ಕಾಗಿಯೇ ಸಂಸ್ಥೆ ಹುಟ್ಟಿತು. ರಾತ್ರಿ ತೀರದಲ್ಲಿ ನಡೆದು ಆಮೆಯನ್ನು ಅಳೆದು, ಗೂಡಿನ ಮೊಟ್ಟೆ ಎಣಿಸಿ ಬರೆದಿಡುವುದು ಅಲ್ಲಿನ ಕೆಲಸ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ. ಇದಕ್ಕೆ ಕೈಗಳು ಹೆಚ್ಚು ಬೇಕು, ಆದ್ದರಿಂದ ಹೊಸಬರಿಗೂ ಜಾಗವಿದೆ. ಬೇಸರದ ಕೆಲಸ, ಫೋಟೋ ತೆಗೆಸಿಕೊಳ್ಳುವ ಸಂದರ್ಭ ಕಡಿಮೆ. ಆದರೆ ದಶಕಗಳ ಲೆಕ್ಕ ಅಲ್ಲಿ ಸಿಗುತ್ತದೆ.

ಇನ್ನೊಂದು ದಕ್ಷಿಣ ಆಫ್ರಿಕಾದ್ದು. ಅಲ್ಲಿನ ಕೆಲವು ಸಿಂಹದ ಫಾರಂಗಳಲ್ಲಿ ತಬ್ಬಲಿ ಮರಿಗಳನ್ನು ಸಾಕಿ ಕಾಡಿಗೆ ಬಿಡುತ್ತೇವೆ ಎಂದು ಹೇಳಿ ಯುವಜನರಿಂದ ಹಣ ಪಡೆಯುತ್ತಿದ್ದರು. ಮರಿಗಳು ತಬ್ಬಲಿಗಳಾಗಿರಲಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಬೇರ್ಪಡಿಸುತ್ತಿದ್ದರು. ಹಾಗೆ ಮಾಡಿದರೆ ತಾಯಿ ಬೇಗ ಮತ್ತೆ ಗಬ್ಬವಾಗುತ್ತದೆ. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹಕ್ಕೆ ಮನುಷ್ಯರ ಭಯ ಇರುವುದಿಲ್ಲ, ಅದನ್ನು ಕಾಡಿಗೆ ಬಿಡಲಾಗದು. ದೊಡ್ಡದಾದ ಮೇಲೆ ಬೇಲಿಯೊಳಗೇ ಬೇಟೆಗಾರರಿಗೆ ಮಾರುತ್ತಿದ್ದರು, ಮೂಳೆಗಳನ್ನು ಏಷ್ಯಾದ ದೇಶಗಳಿಗೆ ಕಳಿಸುತ್ತಿದ್ದರು. 2017ರಲ್ಲಿ 800 ಸಿಂಹಗಳ ಅಸ್ಥಿಪಂಜರ ರಫ್ತಿಗೆ ಅಲ್ಲಿನ ಸರಕಾರವೇ ಅನುಮತಿ ಕೊಟ್ಟಿತ್ತು. 2015ರ 'ಬ್ಲಡ್ ಲಯನ್ಸ್' ಎಂಬ ಸಾಕ್ಷ್ಯಚಿತ್ರ ಇದನ್ನೆಲ್ಲ ಜನರ ಮುಂದಿಟ್ಟಿತು. 2021ರಲ್ಲಿ ಈ ಉದ್ಯಮವನ್ನು ನಿಲ್ಲಿಸುವುದಾಗಿ ಸರಕಾರ ಘೋಷಿಸಿತು. ಹಾಲು ಕುಡಿಸಿದ ಮಕ್ಕಳು ಕೆಟ್ಟವರಲ್ಲ, ಆದರೆ ಅವರ ಹಣದಿಂದಲೇ ಆ ವ್ಯಾಪಾರ ನಡೆಯಿತು.

ಇದರಿಂದ ಒಂದು ಸರಳ ಪರೀಕ್ಷೆ ಸಿಗುತ್ತದೆ. ಕಾಡುಪ್ರಾಣಿಯನ್ನು ಮುಟ್ಟಬಹುದು, ಅಪ್ಪಬಹುದು, ಜೊತೆಗೆ ಸೆಲ್ಫಿ ತೆಗೆಯಬಹುದು ಎಂದು ಆಸೆ ತೋರಿಸುವ ಕಡೆಗೆ ಮಕ್ಕಳನ್ನು ಕಳಿಸಬೇಡಿ.

ವಯಸ್ಸು, ವೀಸಾ, ಸೂಜಿಮದ್ದು

ಬಹಳಷ್ಟು ಯೋಜನೆಗಳು 18 ತುಂಬಿದವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಅದಕ್ಕಿಂತ ಚಿಕ್ಕವರಿಗೆ ಇರುವುದು ಶಾಲಾ ಗುಂಪಿನ ಪ್ರವಾಸಗಳು, ಅದಕ್ಕೆ ತಂದೆತಾಯಿಯ ಒಪ್ಪಿಗೆ ಪತ್ರ ಬೇಕು. ವಯನಾಡಿನವರ ಪಾಸ್‌ಪೋರ್ಟ್ ಕೋಝಿಕ್ಕೋಡ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. 18 ತುಂಬದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. 15 ದಾಟಿದವರು ಹತ್ತು ವರ್ಷದ್ದನ್ನೂ ಕೇಳಬಹುದು.

ವೀಸಾ ವಿಷಯದಲ್ಲಿ ಎಚ್ಚರ ಇರಲಿ. ಸಂಬಳ ಇಲ್ಲದ ಸೇವೆಯನ್ನೂ ಹಲವು ದೇಶಗಳು ಕೆಲಸ ಎಂದೇ ಎಣಿಸುತ್ತವೆ. ಬ್ರಿಟನ್ನಿನಲ್ಲಿ ಇದಕ್ಕೆ ಚಾರಿಟಿ ವರ್ಕರ್ ವೀಸಾ ಎಂದು ಬೇರೆಯೇ ಇದೆ. ಟೂರಿಸ್ಟ್ ವೀಸಾ ಸಾಕು ಎಂದು ಯಾರಾದರೂ ಹೇಳಿದರೆ ಆ ದೇಶದ ದೂತಾವಾಸದ ನಿಯಮ ನೋಡಿ ಖಚಿತ ಮಾಡಿಕೊಳ್ಳಿ.

ಕೆನ್ಯಾ, ಉಗಾಂಡ, ಬ್ರೆಜಿಲ್ ಮೊದಲಾದ ಹಳದಿ ಜ್ವರದ ದೇಶಗಳಿಂದ ವಾಪಸು ಬರುವಾಗ ಲಸಿಕೆಯ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಕ್ವಾರಂಟೈನಿಗೆ ಹಾಕುತ್ತಾರೆ. ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆ ಸರ್ಟಿಫಿಕೇಟ್ ಊರ್ಜಿತವಾಗುತ್ತದೆ. ಪ್ರಾಣಿಗಳ ನಡುವೆ ಕೆಲಸ ಮಾಡುವವರು ರೇಬಿಸ್ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಹಣವಿಲ್ಲದೆ ಹೋಗುವ ದಾರಿಯೂ ಒಂದಿದೆ. ಜರ್ಮನಿಯ ಸರಕಾರ 2008ರಲ್ಲಿ ಶುರುಮಾಡಿದ 'ವೆಲ್ಟ್‌ವೆರ್ಟ್ಸ್' ಯೋಜನೆಯಲ್ಲಿ 18ರಿಂದ 28 ವಯಸ್ಸಿನ ಅಲ್ಲಿನ ಯುವಜನ ಹೊರದೇಶಗಳಿಗೆ ಹೋಗುತ್ತಾರೆ. 2013ರಿಂದ ನಮ್ಮಂಥ ದೇಶಗಳ ಯುವಜನರೂ ಅಲ್ಲಿಗೆ ಹೋಗಿ ಸೇವೆ ಮಾಡುವ ಅವಕಾಶ ಸೇರಿಕೊಂಡಿತು. ಊಟ, ವಸತಿ, ಕೈಖರ್ಚು ಅವರೇ ಕೊಡುತ್ತಾರೆ. ಆದರೆ ಇಲ್ಲಿನ ಸಂಸ್ಥೆಯೊಂದು ಕಳಿಸಿಕೊಡಬೇಕು. ಅಂದರೆ ಮೊದಲು ಇಲ್ಲಿ ಕೆಲಸ ಮಾಡಿರಬೇಕು.

ವಿದ್ಯೆ ಇದ್ದವರನ್ನು ಅವರೇ ಕರೆಯುತ್ತಾರೆ

ಅಮೆರಿಕದ ಫ್ಲಾರಿಡಾದಲ್ಲಿ ಸಾಕಿ ಬಿಟ್ಟ ಬರ್ಮಾ ಹೆಬ್ಬಾವುಗಳು ಹೆಚ್ಚಿ ಅಲ್ಲಿನ ಪ್ರಾಣಿಗಳನ್ನು ತಿಂದು ಮುಗಿಸುತ್ತಿದ್ದವು. 2017ರಲ್ಲಿ ಅಲ್ಲಿಯವರು ಕರೆಸಿಕೊಂಡದ್ದು ತಮಿಳುನಾಡಿನ ಇರುಳ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರನ್ನು. ಮೊದಲ ಎರಡು ವಾರದೊಳಗೇ ಅವರ ತಂಡ 13 ಹೆಬ್ಬಾವು ಹಿಡಿಯಿತು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಅವರು ಶುಲ್ಕ ಕಟ್ಟಿ ಹೋದವರಲ್ಲ. ಅವರ ಕೈಯಲ್ಲಿದ್ದ ವಿದ್ಯೆಗೆ ಅಲ್ಲಿಯವರು ಹಣ ಕೊಟ್ಟರು.

ಗದ್ದೆ ಕಾಯಲು ಅಟ್ಟಣೆ ಮೇಲೆ ರಾತ್ರಿ ಕಳೆದ, ಲದ್ದಿ ನೋಡಿ ಆನೆ ಯಾವಾಗ ಹೋಯಿತು ಎಂದು ಹೇಳಬಲ್ಲ ಮಕ್ಕಳು ನಮ್ಮಲ್ಲಿದ್ದಾರೆ. ತೋಲ್ಪೆಟ್ಟಿ, ಬಾವಲಿ, ಮುತ್ತಂಗದ ಆಚೆ ಈಚೆ ಅದೇ ಕಾಡು. 344 ಚದರ ಕಿಲೋಮೀಟರಿನ ವಯನಾಡು ಅಭಯಾರಣ್ಯ ನಾಗರಹೊಳೆ, ಬಂಡೀಪುರ, ಮುದುಮಲೆಗೆ ಅಂಟಿಕೊಂಡಿದೆ. ಈ ತಿಳಿವಳಿಕೆಯನ್ನು ಬರೆದಿಡಲು, ಅಳೆಯಲು ಕಲಿತರೆ ಅದು ವಿದ್ಯೆಯಾಗುತ್ತದೆ.

ಕಲಿಯಲು ಜಾಗಗಳೂ ಇವೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳನ್ನು, ಅವುಗಳ ಬೇಟೆಪ್ರಾಣಿಗಳನ್ನು ಎಣಿಸುವ ಕೆಲಸದಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಬಳಸಿಕೊಂಡರು. 2023ರಲ್ಲಿ ಕೇರಳ, ಕರ್ನಾಟಕ, ತಮಿಳುನಾಡು ಒಂದೇ ಹೊತ್ತಿಗೆ ರಣಹದ್ದು ಗಣತಿ ನಡೆಸಿದಾಗಲೂ ಸ್ವಯಂಸೇವಕರು ಜೊತೆಗಿದ್ದರು. ಕೇರಳದಲ್ಲಿ ರಣಹದ್ದು ಉಳಿದಿರುವುದು ವಯನಾಡಿನಲ್ಲಿ ಮಾತ್ರ. ಮಲೆಯಾಳದಲ್ಲಿ ಮಞ್ಞಕ್ಕೊನ್ನ ಎನ್ನುವ ಹಳದಿ ಹೂವಿನ ಸೆನ್ನಾ ಗಿಡ ನಮ್ಮ ಕಾಡನ್ನು ಆವರಿಸುತ್ತಿದೆ, ಅದನ್ನು ಕೀಳಲು ಕೈಗಳು ಬೇಕು. ಹಾವು ಹಿಡಿಯುವವರಿಗೆ ಕೇರಳ ಅರಣ್ಯ ಇಲಾಖೆ 'ಸರ್ಪ' ಯೋಜನೆಯಲ್ಲಿ ತರಬೇತಿ ಕೊಟ್ಟು ಸರ್ಟಿಫಿಕೇಟ್ ನೀಡುತ್ತದೆ. ಘಟ್ಟ ಇಳಿದರೆ ಪಯ್ಯೋಳಿ ಹತ್ತಿರದ ಕೊಳಾವಿಪ್ಪಾಲಂ. ಅಲ್ಲಿ 1992ರಲ್ಲಿ ಮೀನುಗಾರ ಯುವಕರೇ ಸೇರಿ ಕಡಲಾಮೆ ಕಾಯಲು ಶುರುಮಾಡಿದರು.

ಎರಡು ಭಾಷೆ ಬಲ್ಲವರ ಅಗತ್ಯ ಎಷ್ಟಿದೆ ಎಂದು 2024ರಲ್ಲಿ ಎಲ್ಲರೂ ಕಂಡೆವು. ಕರ್ನಾಟಕದಲ್ಲಿ ರೇಡಿಯೋ ಕಾಲರ್ ಹಾಕಿ ಬಿಟ್ಟಿದ್ದ ಆನೆ ಫೆಬ್ರವರಿ 10ರಂದು ಮಾನಂದವಾಡಿ ಹತ್ತಿರದ ಪಡಮಲದಲ್ಲಿ ಒಬ್ಬ ರೈತನನ್ನು ಕೊಂದಿತು. ಕಾಲರಿನ ಮಾಹಿತಿ ಸಮಯಕ್ಕೆ ಈ ಕಡೆಗೆ ಮುಟ್ಟಿತೇ ಎಂಬುದೇ ಆಗ ಎದ್ದ ಪ್ರಶ್ನೆ. ಮುಂದಿನ ತಿಂಗಳು ಎರಡೂ ರಾಜ್ಯಗಳ ಸಚಿವರು ಬಂಡೀಪುರದಲ್ಲಿ ಸೇರಿ ಒಪ್ಪಂದ ಮಾಡಿಕೊಂಡರು. ಒಪ್ಪಂದ ಕಾಗದದಲ್ಲಿ ಉಳಿಯದಿರಬೇಕಾದರೆ ಕಾಡು, ಕಂಪ್ಯೂಟರು, ಕನ್ನಡ, ಮಲೆಯಾಳ ಎಲ್ಲ ತಿಳಿದ ಯುವಜನ ಬೇಕು. ಅಂಥವರು ಗಡಿ ಊರಿನಲ್ಲಲ್ಲದೆ ಇನ್ನೆಲ್ಲಿ ಸಿಗುತ್ತಾರೆ?

ಮಕ್ಕಳ ಆಸೆಗೆ ಅಡ್ಡ ಬರಬೇಡಿ. 15, 16ರಲ್ಲಿ ಇಲ್ಲಿನ ಗಣತಿ, ಶಿಬಿರಗಳಿಗೆ ಸೇರಿಸಿ. 18 ತುಂಬಿದ ಮೇಲೂ ಹೊರದೇಶದ ಆಸೆ ಇದ್ದರೆ ಆ ಸಂಸ್ಥೆಗೆ ನಾಲ್ಕು ಪ್ರಶ್ನೆ ಬರೆದು ಕೇಳಿ: ಕಟ್ಟಿದ ಹಣದಲ್ಲಿ ಎಷ್ಟು ಭಾಗ ಯೋಜನೆಗೆ ಹೋಗುತ್ತದೆ? ಕೆಲಸದ ಫಲಿತಾಂಶ ಎಲ್ಲಿ ಪ್ರಕಟವಾಗಿದೆ? ಆ ಊರಿನವರು ಎಷ್ಟು ಮಂದಿ ಅಲ್ಲಿ ದುಡಿಯುತ್ತಾರೆ? ಹುಡುಗನಿಗೋ ಹುಡುಗಿಗೋ ಅಪಾಯವಾದರೆ ಹೊಣೆ ಯಾರದು, ವಿಮೆ ಯಾರದು? ನಾಲ್ಕಕ್ಕೂ ನೇರ ಉತ್ತರ ಬಂದ ಮೇಲೆ ಹಣದ ಮಾತು ಆಡಿ.